ಹೆಡ್‌ಲೈಟ್ ಬೆಳಕು ಹೆಚ್ಚಿಸುವ ಸರಿಯಾದ ಕ್ರಮ: ಕಾನೂನು ಮೀರದೆ, ಎದುರಿನವರ ಕಣ್ಣು ಕುಕ್ಕದೆ

ರಾತ್ರಿ ರಸ್ತೆ ಸರಿಯಾಗಿ ಕಾಣುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಹೋಗುವುದು ಅಕ್ಸೆಸರಿ ಅಂಗಡಿಗೆ. ಅಲ್ಲಿ ಒಂದು ಜೋಡಿ ಎಲ್‌ಇಡಿ ಬಲ್ಬ್ ಕೊಟ್ಟು, ಕಾಲು ಗಂಟೆಯಲ್ಲಿ ಹಾಕಿಯೂ ಕೊಡುತ್ತಾರೆ. ಕಾರಿನ ಮೂತಿಯ ಮುಂದೆ ಹಾಲು ಚೆಲ್ಲಿದಂತೆ ಬೆಳಕು ಬೀಳುತ್ತದೆ, ಖುಷಿಯಾಗುತ್ತದೆ. ಹೆದ್ದಾರಿಗೆ ಹೋದ ಮೇಲೆ ಗೊತ್ತಾಗುವುದು ಬೇರೆ: ದೂರದ ಗುಂಡಿ, ರಸ್ತೆ ಅಂಚಿನಲ್ಲಿ ನಡೆದು ಹೋಗುವವರು ಮೊದಲಿಗಿಂತ ತಡವಾಗಿ ಕಾಣುತ್ತಾರೆ. ಎದುರಿನ ಬೈಕ್ ಸವಾರರಿಗಂತೂ ಒಂದೆರಡು ಕ್ಷಣ ಏನೂ ಕಾಣುವುದಿಲ್ಲ. ಕಾನೂನಿನ ಪ್ರಕಾರ ನಿಮ್ಮದು ಈಗ ಮಾರ್ಪಾಡು ಮಾಡಿದ ವಾಹನ.

ಹ್ಯಾಲೊಜೆನ್ ಹೆಡ್‌ಲೈಟ್ ಇರುವ ಕಾರಿನಲ್ಲಿ ಬೆಳಕು ಕಡಿಮೆಯಾಗಲು ಸಾಮಾನ್ಯ ಕಾರಣ ನಾಲ್ಕು. ಮಸುಕಾದ ಗಾಜು, ಬಲ್ಬ್ ತಲುಪುವ ಮೊದಲೇ ಸೋರಿಹೋದ ವೋಲ್ಟೇಜ್, ಹಳಸಿದ ಬಲ್ಬ್, ತಪ್ಪಿದ ಏಮಿಂಗ್ (ದೀಪ ಬೆಳಕು ಬೀರುವ ದಿಕ್ಕು). ಇವನ್ನು ಇದೇ ಕ್ರಮದಲ್ಲಿ ಸರಿಪಡಿಸಿ. ಬಹುಪಾಲು ಕಾರುಗಳಿಗೆ ಅಷ್ಟು ಸಾಕಾಗುತ್ತದೆ.

ಎಲ್‌ಇಡಿ ಬಲ್ಬ್ ಹಾಕಿದರೆ ಕಣ್ಣು ಕುಕ್ಕುವುದೇಕೆ

ಡಿಪ್, ಹೈ ಬೀಮ್ ಎರಡನ್ನೂ ಒಂದರಲ್ಲೇ ಕೊಡುವ ಎಚ್4 ವಿಧದ ಹ್ಯಾಲೊಜೆನ್ ಬಲ್ಬನ್ನು ಬುಡದಲ್ಲಿ ಹಿಡಿದು ಒಳಗೆ ನೋಡಿ. ಎರಡು ಫಿಲಮೆಂಟ್ ಸುರುಳಿಗಳು ಕಾಣುತ್ತವೆ. ಬುಡದ ಹತ್ತಿರದ್ದು ಹೈ ಬೀಮ್‌ಗೆ, ತುದಿಯ ಕಡೆಯದು ಡಿಪ್‌ಗೆ. ಡಿಪ್ ಸುರುಳಿಯ ಕೆಳಗೆ ದೋಣಿಯಾಕಾರದ ಪುಟ್ಟ ಲೋಹದ ತಟ್ಟೆಯಿದೆ. ಆ ಸುರುಳಿಯ ಬೆಳಕು ರಿಫ್ಲೆಕ್ಟರ್‌ನ, ಅಂದರೆ ಬಲ್ಬ್ ಸುತ್ತಲಿನ ಹೊಳೆಯುವ ಬಟ್ಟಲಿನ, ಕೆಳಗಿನ ಅರ್ಧಕ್ಕೆ ಬೀಳದಂತೆ ತಡೆಯುವುದು ಅದರ ಕೆಲಸ, ಏಕೆಂದರೆ ಕೆಳಗಿನ ಅರ್ಧಕ್ಕೆ ಬಿದ್ದ ಬೆಳಕು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುತ್ತದೆ. ಗಾಜಿನ ತುದಿಗೆ ಬಳಿದ ಕಪ್ಪು ಅಥವಾ ಬೆಳ್ಳಿ ಬಣ್ಣದ ಟೋಪಿ ಸುರುಳಿಯ ನೇರ ಬೆಳಕನ್ನು ತಡೆಯುತ್ತದೆ. ಗೋಡೆಗೆ ಡಿಪ್ ಬಿಟ್ಟಾಗ ಕಾಣುವ ಚೂಪಾದ ಗೆರೆ, ಅಂದರೆ ಕಟ್-ಆಫ್, ಹುಟ್ಟುವುದು ಈ ತಟ್ಟೆಯಿಂದಲೇ.

ಫಿಲಮೆಂಟ್ ಒಂದೆರಡು ಮಿಲಿಮೀಟರ್ ದಪ್ಪದ, ಸುತ್ತಲೂ ಬೆಳಕು ಚೆಲ್ಲುವ ಕೊಳವೆ. ರಿಫ್ಲೆಕ್ಟರ್‌ನ ಪ್ರತಿಯೊಂದು ಬಾಗೂ ಆ ಜಾಗಕ್ಕೆ, ಆ ಗಾತ್ರಕ್ಕೆ ಲೆಕ್ಕಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬ್‌ನಲ್ಲಿ ಇರುವುದು ಚಪ್ಪಟೆ ಪಟ್ಟಿ, ಅದರ ಎರಡು ಬದಿಗೆ ಚಿಪ್‌ಗಳು, ನಡುವೆ ಪಟ್ಟಿಯ ದಪ್ಪ. ಬೆಳಕು ಹುಟ್ಟುವ ಜಾಗ ತುಸು ಸರಿದರೂ ನೂರು ಮೀಟರ್ ದೂರದಲ್ಲಿ ಅದು ಬೀಳುವ ಜಾಗ ಎಲ್ಲಿಗೋ ಹೋಗುತ್ತದೆ. ದೂರಕ್ಕೆ ಹೋಗಬೇಕಾದ ಬೆಳಕು ಹತ್ತು ಹದಿನೈದು ಮೀಟರ್‌ನಲ್ಲೇ ಸುರಿಯುತ್ತದೆ, ಒಂದಷ್ಟು ಕಟ್-ಆಫ್ ದಾಟಿ ಮೇಲೇರುತ್ತದೆ. ಹತ್ತಿರದ ರಸ್ತೆ ಅತಿಯಾಗಿ ಬೆಳಗಿದರೆ ನಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಕತ್ತಲು ಇನ್ನೂ ಕತ್ತಲಾಗುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂಬ ಭಾವನೆಗೂ ನಿಜವಾಗಿ ಎಷ್ಟು ದೂರ ಕಾಣುತ್ತಿದೆ ಎಂಬುದಕ್ಕೂ ಇಲ್ಲಿ ಸಂಬಂಧ ತಪ್ಪುತ್ತದೆ.

ಪೆಟ್ಟಿಗೆ ಮೇಲಿನ ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಸಂಖ್ಯೆ ನಂಬಬೇಡಿ. ಎಚ್4 ಬಲ್ಬ್‌ಗೆ 13.2 ವೋಲ್ಟ್‌ನಲ್ಲಿ ಮಾನಕ ಹೇಳುವ ಬೆಳಕು ಡಿಪ್‌ಗೆ ಸುಮಾರು 1000 ಲ್ಯೂಮೆನ್, ಹೈ ಬೀಮ್‌ಗೆ 1650. ಒಂದೇ ಫಿಲಮೆಂಟ್‌ನ ಎಚ್7ಗೆ 1500. 30 ವ್ಯಾಟ್‌ನ ಎಲ್‌ಇಡಿ ಬಲ್ಬ್ 3000 ಲ್ಯೂಮೆನ್ ಕೊಟ್ಟರೇ ಹೆಚ್ಚು, ‘20,000 ಲ್ಯೂಮೆನ್’ ಎಂದು ಬರೆದಿದ್ದರೆ ಅದು ಬರೀ ಬರಹ. ಉಳಿದ ತೊಂದರೆಗಳೂ ಇವೆ. ಹಿಂಬದಿಯ ಫ್ಯಾನ್ ನಮ್ಮ ರಸ್ತೆ ಧೂಳಿಗೆ ಕಟ್ಟಿಕೊಂಡು ನಿಲ್ಲುತ್ತದೆ, ಆಮೇಲೆ ಚಿಪ್ ಕಾದು ಬೆಳಕು ಇಳಿಯುತ್ತದೆ. ಹೀಟ್ ಸಿಂಕ್ ದೊಡ್ಡದಾಗಿ ಹಿಂದಿನ ರಬ್ಬರ್ ಮುಚ್ಚಳ ಕೂರದಿದ್ದರೆ ಮೊದಲ ಮಳೆಗೇ ಒಳಗೆ ನೀರಾಡುತ್ತದೆ. ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್, ಅಂದರೆ ಡ್ರೈವರ್, ಕಳಪೆಯಿದ್ದರೆ ಎಫ್‌ಎಂ ರೇಡಿಯೊದಲ್ಲಿ ಗರಗರ ಸದ್ದು ಬರುತ್ತದೆ.

ಎಚ್‌ಐಡಿ, ಅಂದರೆ ಕ್ಸೆನಾನ್, ಕಿಟ್ ಇನ್ನೂ ಕೆಟ್ಟದು. 35 ವ್ಯಾಟ್‌ನ ಕ್ಸೆನಾನ್ ಬಲ್ಬ್ ಸುಮಾರು 3200 ಲ್ಯೂಮೆನ್ ಕೊಡುತ್ತದೆ, ಹೊತ್ತಿಕೊಳ್ಳಲು ಇಪ್ಪತ್ತು ಸಾವಿರ ವೋಲ್ಟ್‌ಗೂ ಹೆಚ್ಚಿನ ಪಲ್ಸ್ ಬೇಕು. ಕಂಪನಿಯೇ ಕ್ಸೆನಾನ್ ಕೊಟ್ಟ ಕಾರುಗಳಲ್ಲಿ ಪ್ರೊಜೆಕ್ಟರ್ (ಲೆನ್ಸ್ ಮೂಲಕ ಬೆಳಕು ಬಿಡುವ ದೀಪ) ಮಾತ್ರವಲ್ಲದೆ ತಾನೇ ಎತ್ತರ ಸರಿಪಡಿಸಿಕೊಳ್ಳುವ ಲೆವೆಲಿಂಗ್, ಗಾಜು ತೊಳೆಯುವ ವಾಷರ್ ಇರುತ್ತಿದ್ದುದು ಈ ತೀವ್ರತೆಯ ಕಾರಣಕ್ಕೇ. ಹ್ಯಾಲೊಜೆನ್ ರಿಫ್ಲೆಕ್ಟರ್‌ಗೆ ಅದನ್ನು ತುರುಕಿದರೆ ಈ ಯಾವ ರಕ್ಷಣೆಯೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಕಟ್ಟುನಿಟ್ಟಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ ಸೆಕ್ಷನ್ 182ಎ(4) ಅನುಮತಿಯಿಲ್ಲದ ಮಾರ್ಪಾಡಿಗೆ, ಬಿಡಿಭಾಗ ಹಾಕಿಸಿಕೊಳ್ಳುವುದೂ ಸೇರಿ, ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹೊಣೆ ಹಾಕಿಕೊಟ್ಟ ಅಂಗಡಿಯವರದಲ್ಲ, ಮಾಲೀಕರದು ಎಂಬುದನ್ನು ಗಮನಿಸಿ. ರಸ್ತೆಯಲ್ಲಿ ತಡೆದಾಗ ಸಾಮಾನ್ಯವಾಗಿ ಬೀಳುವುದು ಸೆಕ್ಷನ್ 177: ಮೊದಲ ಸಲ 500, ಮತ್ತೆ ಸಿಕ್ಕಿಬಿದ್ದರೆ 1500 ರೂಪಾಯಿ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದಾಗ ಪ್ರಕರಣ ದಾಖಲಿಸಿದ್ದೂ ಇದರಡಿಯೇ.

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ (1989) ಎರಡನ್ನು ಓದಿಕೊಂಡಿರಬೇಕು. ನಿಯಮ 106 ಅಳತೆ ಸಮೇತ ಮಾತಾಡುತ್ತದೆ: ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ಈ ಅಳತೆಯನ್ನು ಮುಂದೆ ಮನೆಯಂಗಳದಲ್ಲೇ ಪರೀಕ್ಷೆಗೆ ಬಳಸಲಿದ್ದೇವೆ. ನಿಯಮ 111ರ ಪ್ರಕಾರ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ. ವಿಶೇಷ ಸಂದರ್ಭವಿದ್ದರೆ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ, ಪೂರ್ವಾನುಮತಿ ಬೇಕು.

‘ಸಾರ್, ಇದಕ್ಕೆ ಇ-ಮಾರ್ಕ್ ಇದೆ’ ಎಂಬ ಮಾತು ಅಂಗಡಿಯಲ್ಲಿ ಕೇಳುತ್ತದೆ. ವೃತ್ತದೊಳಗಿನ ‘ಇ’ ಅಕ್ಷರ, ಪಕ್ಕದ ಅಂಕಿ ಯಾವ ದೇಶ ಅನುಮೋದನೆ ಕೊಟ್ಟಿತೆಂದು ಹೇಳುತ್ತದೆ: ಇ1 ಜರ್ಮನಿ, ಇ4 ನೆದರ್ಲೆಂಡ್ಸ್. ಯಾವುದಕ್ಕೆ ಅನುಮೋದನೆ ಎಂಬುದು ಬೇರೆ ಪ್ರಶ್ನೆ. ಎಲ್‌ಇಡಿ ಬಲ್ಬ್‌ಗಳ ಮೇಲೆ ಹಲವು ಸಲ ಕಾಣುವುದು ‘10ಆರ್’ ಎಂದಿರುವ ಗುರುತು. ಅದು ಬೇರೆ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಅಡಚಣೆ ಮಾಡುವುದಿಲ್ಲ ಎಂಬ ಪ್ರಮಾಣಪತ್ರ ಅಷ್ಟೇ, ಬೆಳಕಿನ ಹರವಿಗೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಹೆಡ್‌ಲೈಟ್ ಗಾಜಿನ ಅಂಚಿನಲ್ಲೂ ಇಂಥ ಅಕ್ಷರಗಳು ಅಚ್ಚಾಗಿರುತ್ತವೆ, ಟಾರ್ಚ್ ಹಿಡಿದು ಓದಿ. ‘ಎಚ್‌ಸಿ’ ಎಂದರೆ ಹ್ಯಾಲೊಜೆನ್ ಡಿಪ್, ‘ಎಚ್‌ಆರ್’ ಹ್ಯಾಲೊಜೆನ್ ಹೈ ಬೀಮ್, ‘ಎಚ್‌ಸಿಆರ್’ ಎರಡೂ. ‘ಡಿಸಿ’, ‘ಡಿಆರ್’ ಇದ್ದರೆ ಕ್ಸೆನಾನ್. ‘ಬಿ’ ಫಾಗ್ ಲ್ಯಾಂಪ್, ‘ಪಿಎಲ್’ ಪ್ಲಾಸ್ಟಿಕ್ ಗಾಜು. ನಮ್ಮಂತೆ ರಸ್ತೆಯ ಎಡಗಡೆ ಓಡಿಸುವ ದೇಶದ ದೀಪಕ್ಕೆ ಅಡ್ಡ ಬಾಣದ ಗುರುತಿರುತ್ತದೆ, ಎರಡೂ ಕಡೆಗೆ ಹೊಂದುವ ದೀಪಕ್ಕೆ ಎರಡು ತುದಿಯ ಬಾಣ. ಬಾಣವೇ ಇಲ್ಲದಿದ್ದರೆ ಅದು ಬಲಗಡೆ ಓಡಿಸುವ ದೇಶಗಳ ದೀಪ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಇಂಥ ದೀಪ ನಮ್ಮಲ್ಲಿ ಹಾಕಿದರೆ ಅದರ ಬೆಳಕಿನಲ್ಲಿ ಒಂದು ಬದಿಗೆ ಮೇಲೇರುವ ಭಾಗ ನೇರ ಎದುರಿನ ಚಾಲಕರ ಮುಖಕ್ಕೆ ಬೀಳುತ್ತದೆ. ‘ಎಚ್‌ಸಿಆರ್’ ಎಂದಿರುವ ದೀಪದೊಳಗೆ ಎಲ್‌ಇಡಿ ಹಾಕಿದ ಕ್ಷಣಕ್ಕೆ ಆ ಅನುಮೋದನೆಗೆ ಅರ್ಥವಿಲ್ಲ.

ಜರ್ಮನಿಯಲ್ಲಿರುವ ಕನ್ನಡಿಗರು ಅಲ್ಲಿ ಎಲ್‌ಇಡಿ ಬಲ್ಬ್ ಕಾನೂನುಬದ್ಧ ಎನ್ನುವುದುಂಟು. 2020ರಲ್ಲಿ ಓಸ್ರಾಮ್‌ನ ಎಚ್7 ಎಲ್‌ಇಡಿ ಬಲ್ಬ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು ನಿಜ. ಆದರೆ ಒಂದೊಂದು ಕಾರಿನ ಒಂದೊಂದು ಹೆಡ್‌ಲೈಟನ್ನು ಪರೀಕ್ಷಿಸಿ ಮಾಡಿದ ಪಟ್ಟಿಯಲ್ಲಿ ನಿಮ್ಮ ಕಾರು ಇರಬೇಕು. ಅದೇ ಬಲ್ಬನ್ನು ಊರಿಗೆ ತಂದು ಇಲ್ಲಿಯ ಕಾರಿಗೆ ಹಾಕಿದರೆ ಆ ಅನುಮತಿ ಜೊತೆಗೆ ಬರುವುದಿಲ್ಲ.

ಮೊದಲು ಗಾಜು

ಪಾಲಿಕಾರ್ಬೊನೇಟ್ ಗಾಜಿನ ಮೇಲೆ ಬಿಸಿಲಿನಿಂದ ಕಾಪಾಡುವ ತೆಳು ಲೇಪನವಿರುತ್ತದೆ. ಕೆಲವು ವರ್ಷ ಬಯಲಲ್ಲಿ ನಿಂತ ಕಾರಿನಲ್ಲಿ ಅದು ಸವೆದು, ಕೆಳಗಿನ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಮಸುಕು ಹೊರಗಿದೆಯೋ ಒಳಗಿದೆಯೋ ಮೊದಲು ನೋಡಿ: ಒದ್ದೆ ಮಾಡಿದಾಗ ಗಾಜು ತಿಳಿಯಾದರೆ ಮಸುಕು ಹೊರಗಿನದು, ಉಜ್ಜಿ ಸರಿಮಾಡಬಹುದು. ರಿಫ್ಲೆಕ್ಟರ್‌ನ ಹೊಳಪೇ ಸುಲಿದು ಬೂದಿಬಣ್ಣಕ್ಕೆ ತಿರುಗಿದ್ದರೆ ಅಥವಾ ಸುಟ್ಟ ಕಲೆಯಿದ್ದರೆ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ, ಕಂಪನಿಯ ಹೊಸ ದೀಪವೇ ಬೇಕು.

ಉಜ್ಜುವ ಕ್ರಮ ಹೀಗಿದೆ. ಶಾಂಪೂ ಹಾಕಿ ತೊಳೆದು, ಸುತ್ತಲಿನ ಬಣ್ಣಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. ಹಳೆಯ ಲೇಪನ ಹಕ್ಕಳೆ ಎದ್ದಿದ್ದರೆ 800 ನಂಬರಿನ ವಾಟರ್ ಪೇಪರ್‌ನಿಂದ, ಇಲ್ಲದಿದ್ದರೆ 1000ದಿಂದ ಶುರು ಮಾಡಿ. ಆಮೇಲೆ 1500, 2000, 3000. ಉದ್ದಕ್ಕೂ ನೀರು ಚಿಮುಕಿಸುತ್ತಿರಿ. ಒಂದು ನಂಬರಿನಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನದರಲ್ಲಿ ಉದ್ದಕ್ಕೆ ಉಜ್ಜಿ, ಹಿಂದಿನ ಗೆರೆಗಳು ಪೂರ್ತಿ ಹೋದ ಮೇಲೆಯೇ ನಂಬರ್ ಬದಲಿಸಿ. ಇಲ್ಲಿ ಅವಸರ ಮಾಡಿದರೆ ರಾತ್ರಿ ದೀಪ ಹಾಕಿದಾಗ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್‌ನಿಂದ ಪಾಲಿಶ್, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ತೆಗೆಯುವುದು.

ಅಷ್ಟಕ್ಕೇ ನಿಲ್ಲಿಸುವುದರಿಂದಲೇ ‘ಪಾಲಿಶ್ ಮಾಡಿಸಿದೆ, ಆರು ತಿಂಗಳಲ್ಲಿ ಮತ್ತೆ ಹಳದಿ’ ಎಂಬ ದೂರು ಬರುವುದು. ಟೂತ್‌ಪೇಸ್ಟ್ ಮದ್ದಿನ ಕಥೆಯೂ ಇದೇ, ಉಜ್ಜಿದ ಪ್ಲಾಸ್ಟಿಕ್‌ಗೆ ಬಿಸಿಲಿನ ರಕ್ಷಣೆ ಉಳಿದಿರುವುದಿಲ್ಲ. ಯುವಿ ತಡೆಯುವ 2ಕೆ ಕ್ಲಿಯರ್ ಕೋಟ್ (ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ ಲೇಪನ) ಎರಡು ಪದರ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನಡುವೆ ಬಿಟ್ಟು, ಹೊಡೆಯಬೇಕು. 24 ಗಂಟೆ ನೆರಳಿನಲ್ಲಿ, ಧೂಳಿಲ್ಲದ ಕಡೆ ಕಾರು ನಿಲ್ಲಲಿ. 2ಕೆ ಲೇಪನದ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಪೇಂಟರ್‌ಗಳು ಹಾಕುವ ಕಾರ್ಟ್ರಿಜ್ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಈ ಕೆಲಸ ಪೇಂಟ್ ಬೂತ್‌ನವರಿಗೇ ಬಿಡಿ.

ವೋಲ್ಟೇಜ್ ಅಳೆಯಿರಿ

ಹ್ಯಾಲೊಜೆನ್ ಬಲ್ಬ್‌ನ ಬೆಳಕು ವೋಲ್ಟೇಜ್‌ಗಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜ್ 5% ಕುಸಿದರೆ ಬೆಳಕು ಸುಮಾರು 16% ಹೋಗುತ್ತದೆ. 13.2 ಸಿಗಬೇಕಾದ ಬಲ್ಬ್‌ಗೆ 12.0 ಮಾತ್ರ ಸಿಕ್ಕರೆ ಕಾಲುಭಾಗಕ್ಕೂ ಹೆಚ್ಚು ಬೆಳಕು ಮಾಯ. ಹಳೆಯ ಕಾರುಗಳಲ್ಲಿ ಹೆಡ್‌ಲೈಟ್‌ನ ಪೂರ್ತಿ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್ ಮೂಲಕ ಹಾದು ಬರುತ್ತದೆ, ಸೋರುವುದು ಅಲ್ಲೇ.

ಎಂಜಿನ್ ಓಡುತ್ತಿರಲಿ, ಡಿಪ್ ಹೊತ್ತಿರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿ ತುದಿಗಳಲ್ಲಿ ಅಳೆಯಿರಿ. 13.5ರಿಂದ 14.4 ಬಂದರೆ ಆಲ್ಟರ್ನೇಟರ್ ಸರಿಯಿದೆ. ನಂತರ ಬಲ್ಬ್ ಕನೆಕ್ಟರ್‌ನ ಹಿಂಬದಿಯಿಂದ ಪಿನ್ ತೂರಿಸಿ, ಬಲ್ಬ್ ಹೊತ್ತಿರುವಾಗಲೇ ಅಳೆಯಿರಿ. ಬಲ್ಬ್ ಕಳಚಿ ಅಳೆದರೆ ಕರೆಂಟ್ ಹರಿಯದ ಕಾರಣ ಎಲ್ಲ ಸರಿಯಿದ್ದಂತೆ ತೋರುತ್ತದೆ, ಈ ತಪ್ಪು ಬಹಳ ಸಾಮಾನ್ಯ. ಎರಡು ಅಳತೆಗಳ ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ವೈರಿಂಗ್ ಮುಟ್ಟಬೇಡಿ. ಹೆಚ್ಚಿದ್ದರೆ ಎಲ್ಲಿ ಹೋಗುತ್ತಿದೆ ಹುಡುಕಿ: ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಲ್ಬ್‌ನ ಅರ್ತ್ ಪಿನ್‌ಗೆ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಮಾಡಿ. ಕರಾವಳಿಯ ಕಾರುಗಳಲ್ಲಿ ಅರ್ಧ ಕೆಲಸ ಇಲ್ಲಿಗೇ ಮುಗಿಯುತ್ತದೆ. ಹೋಲ್ಡರ್ ಕಂದಿದ್ದರೆ, ಸಡಿಲವಾಗಿದ್ದರೆ ಸೆರಾಮಿಕ್ ಹೋಲ್ಡರ್ ಹಾಕಿಸಿ.

ಇಷ್ಟಾದರೂ ಪಾಸಿಟಿವ್ ಕಡೆ ಸೋರಿಕೆ ಉಳಿದರೆ, ವಾರಂಟಿ ಮುಗಿದ ಹಳೆಯ ಕಾರಿಗೆ ಮಾತ್ರ, ರಿಲೇ ಕಿಟ್ ಹಾಕಬಹುದು. ರಿಲೇ ಎಂದರೆ ಹಳೆಯ ಸ್ವಿಚ್‌ನ ಸಣ್ಣ ಸಂಕೇತದಿಂದ ಬ್ಯಾಟರಿಯ ಕರೆಂಟನ್ನು ನೇರ ಬಲ್ಬ್‌ಗೆ ಹರಿಸುವ ವಿದ್ಯುತ್ ಸ್ವಿಚ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿದ್ಧ ಕಿಟ್ ಸಿಗುತ್ತದೆ. ಮೂಲ ತಂತಿ ಕತ್ತರಿಸದೆ ಪ್ಲಗ್ ಆಗುವುದನ್ನೇ ಕೊಳ್ಳಿ. ಡಿಪ್‌ಗೆ ಒಂದು, ಹೈ ಬೀಮ್‌ಗೆ ಒಂದು ರಿಲೇ. 30ನೇ ಪಿನ್ ಫ್ಯೂಸ್ ಮೂಲಕ ಬ್ಯಾಟರಿಗೆ, 87 ಬಲ್ಬ್‌ಗೆ, 86 ಹಳೆಯ ಕನೆಕ್ಟರ್‌ನಿಂದ ಬರುವ ಸಂಕೇತಕ್ಕೆ, 85 ಅರ್ತ್‌ಗೆ. ತಂತಿ 2.5 ಚದರ ಮಿಲಿಮೀಟರ್ ತಾಮ್ರದ್ದಿರಲಿ, ಒಂದೊಂದು ರಿಲೇಗೆ 15 ಆಂಪಿಯರ್ ಫ್ಯೂಸ್, ಅದೂ ಬ್ಯಾಟರಿಯಿಂದ ಒಂದು ಗೇಣು ಒಳಗೇ. ಫ್ಯೂಸ್ ದೂರವಿಟ್ಟರೆ ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ತಂತಿ ಎಲ್ಲಾದರೂ ಕಾರಿನ ಲೋಹದ ಮೈಗೆ ತಗುಲಿದಾಗ ತಡೆಯುವವರಿಲ್ಲ, ಬೆಂಕಿಯೇ. ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ. ದೀಪವನ್ನು ಬಾಡಿ ಕಂಟ್ರೋಲ್ ಕಂಪ್ಯೂಟರ್ ನಿಯಂತ್ರಿಸುವ ಹೊಸ ಕಾರುಗಳಿಗೆ ಈ ಕಿಟ್ ಬೇಡ. ರಿಲೇ ಗಲಗಲ ಎನ್ನುತ್ತದೆ ಅಥವಾ ಡ್ಯಾಶ್‌ಬೋರ್ಡ್‌ನಲ್ಲಿ ‘ಬಲ್ಬ್ ಹೋಗಿದೆ’ ಎಂಬ ಎಚ್ಚರಿಕೆ ಬರುತ್ತದೆ.

ಬಲ್ಬ್

ಕಂಪನಿ ಹೇಳಿದ ವಿಧ, ಕಂಪನಿ ಹೇಳಿದ ವ್ಯಾಟ್. ಎಚ್4 ಆದರೆ 60/55. 100/90 ವ್ಯಾಟ್‌ನ ಬಲ್ಬ್ ನಮ್ಮ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ದಶಕಗಳಿಂದ ಮಾರಾಟವಾಗುತ್ತಿದೆ. ಎರಡು ಬಲ್ಬ್ ಸೇರಿ 15 ಆಂಪಿಯರ್ ಎಳೆಯುತ್ತವೆ. ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ, ರಿಫ್ಲೆಕ್ಟರ್‌ನ ಹೊಳಪು ಕಂದುತ್ತದೆ. ರಸ್ತೆ ಬಳಕೆಗೆ ಅದಕ್ಕೆ ಅನುಮೋದನೆಯೂ ಇಲ್ಲ.

ಅದೇ 60/55 ವ್ಯಾಟ್‌ನಲ್ಲೇ ಒಳ್ಳೆಯ ಹೆಸರಿನ ಕಂಪನಿಗಳು ‘ಪ್ಲಸ್ 100’, ‘ಪ್ಲಸ್ 130’ ಎಂದು ಮಾರುವ ಬಲ್ಬ್‌ಗಳಿವೆ. ಫಿಲಮೆಂಟ್ ಬಿಗಿಯಾಗಿ, ನಿಖರವಾಗಿ ಸುತ್ತಿರುವುದರಿಂದ ರಸ್ತೆಯ ಕೆಲವು ಬಿಂದುಗಳಿಗೆ ಹೆಚ್ಚು ಬೆಳಕು ತಲುಪುತ್ತದೆ. ಆ ಶೇಕಡಾವಾರು ಇಡೀ ಬೆಳಕಿನದಲ್ಲ, ಆ ಬಿಂದುಗಳದು. ಆಯಸ್ಸು ಸಾಧಾರಣ ಬಲ್ಬ್‌ಗಿಂತ ಕಡಿಮೆ, ಅದನ್ನು ಒಪ್ಪಿಕೊಂಡು ಕೊಳ್ಳಿ. ನೀಲಿ ಬಣ್ಣ ಬಳಿದ ‘ವೈಟ್’ ಬಲ್ಬ್ ಬೇಡವೇ ಬೇಡ. ಬೆಳಕಿನ ಒಂದು ಪಾಲನ್ನು ಆ ಬಣ್ಣವೇ ನುಂಗುತ್ತದೆ.

ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಿ. ಗಾಜು ಬೆರಳಿಗೆ ತಾಗಿದರೆ ಜಿಡ್ಡು ಕಾದು ಅಲ್ಲೇ ಸೀಳುತ್ತದೆ, ಆಲ್ಕೊಹಾಲ್‌ನಿಂದ ಒರೆಸಿ ಹಾಕಿ. ಎಚ್4ಗೆ ಮೂರು ಕಿವಿಗಳಿರುತ್ತವೆ, ಅಗಲದ್ದು ಸಾಮಾನ್ಯವಾಗಿ ಮೇಲೆ ಬರುತ್ತದೆ. ಮೂರೂ ತಮ್ಮ ಗೂಡಿನಲ್ಲಿ ಕೂತು, ಸ್ಪ್ರಿಂಗ್ ಕ್ಲಿಪ್ ‘ಟಕ್’ ಎಂದು ಕಚ್ಚಬೇಕು. ಹೊಚ್ಚಹೊಸ ಬಲ್ಬ್ ಹಾಕಿಯೂ ಎದುರಿನವರು ಡಿಪ್ ಮಾಡಿ ಎಂದು ಸನ್ನೆ ಮಾಡುತ್ತಿದ್ದರೆ, ಹತ್ತರಲ್ಲಿ ಎಂಟು ಸಲ ಬಲ್ಬ್ ಓರೆಯಾಗಿ ಕೂತಿರುತ್ತದೆ.

ಏಮಿಂಗ್: ಐದು ಮೀಟರ್, ಒಂದು ಗೋಡೆ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು, ಎಲ್ಲರೂ ಬಿಟ್ಟುಬಿಡುವುದು ಇದೇ ಕೆಲಸ. ಲೆಕ್ಕ ಸರಳ. ನೆಲದಿಂದ 65 ಸೆಂ.ಮೀ. ಎತ್ತರದ ದೀಪ 1% ಕೆಳಕ್ಕೆ ಬಾಗಿದ್ದರೆ ಕಟ್-ಆಫ್ 65 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. 2% ಬಾಗಿದ್ದರೆ ಬರೀ 32 ಮೀಟರ್. ಅರ್ಧದಷ್ಟು ದಾರಿ ಒಂದು ಸ್ಕ್ರೂನ ತಿರುವಿನಲ್ಲಿ ಕಳೆದುಹೋಗಿರುತ್ತದೆ, ಅದನ್ನು ಯಾವ ಬಲ್ಬೂ ಮರಳಿ ತರಲಾರದು.

1. ಟೈರ್‌ಗೆ ಬಾಗಿಲ ಸ್ಟಿಕರ್‌ನಲ್ಲಿ ಹೇಳಿದಷ್ಟು ಗಾಳಿ. ಡಿಕ್ಕಿ ಖಾಲಿ, ಸ್ಟೆಪ್ನಿ ಇರಲಿ, ಅರ್ಧ ಟ್ಯಾಂಕ್ ಇಂಧನ. ಚಾಲಕರ ಸೀಟಿನಲ್ಲಿ ಒಬ್ಬರು ಕೂತಿರಲಿ. ಲೆವೆಲಿಂಗ್ ಚಕ್ರ (ಬೆಳಕಿನ ಎತ್ತರ ಬದಲಿಸಲು ಚಾಲಕರ ಬಳಿ ಇರುವ ಪುಟ್ಟ ಚಕ್ರ) 0ಗೆ.

2. ಜಾಗ ಸಮತಟ್ಟಾಗಿರಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ನೆಲ ಸಮ ಎಂದು ಕಂಡರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರ ನೀರಿನ ಲೆವೆಲ್ ಪೈಪ್‌ನಿಂದ ನೋಡಿ. ಐದು ಮೀಟರಿಗೆ 1 ಸೆಂ.ಮೀ. ಇಳಿಜಾರು ಎಂದರೆ 0.2% ತಪ್ಪು, ಮೂರು ಸೆಂ.ಮೀ. ಇದ್ದರೆ ಆ ಜಾಗ ಬಿಟ್ಟುಬಿಡಿ.

3. ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ, ನೇರವಾಗಿ ನಿಲ್ಲಿಸಿ. ಎರಡೂ ದೀಪದ ನಡುಬಿಂದುವನ್ನು (ಗಾಜಿನ ಮೇಲೆ ಪುಟ್ಟ ಚುಕ್ಕೆ ಇರುತ್ತದೆ) ಗೋಡೆಯ ಮೇಲೆ ಗುರುತಿಸಿ, ಲಂಬವಾಗಿ ಒಂದೊಂದು ಟೇಪ್ ಅಂಟಿಸಿ.

4. ನೇರ ಹಿಂದಕ್ಕೆ ಬನ್ನಿ. ದೀಪದ ಗಾಜಿನಿಂದ ಗೋಡೆಗೆ ಸರಿಯಾಗಿ 5 ಮೀಟರ್.

5. ಹೆಡ್‌ಲೈಟ್ ಕವಚದ ಮೇಲೆ ಅಥವಾ ಬಾನೆಟ್ ಅಡಿಯಲ್ಲಿ ದೀಪದ ಚಿತ್ರದ ಪಕ್ಕ 1.0% ಅಥವಾ 1.2% ಎಂಬಂತೆ ಬರೆದಿರುತ್ತದೆ. 1.0% ಇದ್ದರೆ ನಡುಬಿಂದುವಿನ ಎತ್ತರಕ್ಕಿಂತ 5 ಸೆಂ.ಮೀ. ಕೆಳಗೆ, 1.2% ಇದ್ದರೆ 6 ಸೆಂ.ಮೀ. ಕೆಳಗೆ ಅಡ್ಡ ಟೇಪ್. ಗುರುತು ಸಿಗದಿದ್ದರೆ 6 ಸೆಂ.ಮೀ. ಇಟ್ಟುಕೊಳ್ಳಿ.

6. ಡಿಪ್ ಹಾಕಿ. ಒಂದು ದೀಪದ ಮುಂದೆ, ಗಾಜಿಗೆ ತಾಗದಂತೆ, ರಟ್ಟು ಹಿಡಿದು ಇನ್ನೊಂದನ್ನು ನೋಡಿ. ಕಟ್-ಆಫ್‌ನ ಬಲಗಡೆಯ ಸಪಾಟು ಗೆರೆ ಅಡ್ಡ ಟೇಪ್ ಮೇಲೆ ಕೂರಬೇಕು, ಗೆರೆ ಮೇಲೇರಲು ಶುರುವಾಗುವ ಮೊಣಕೈ ಲಂಬ ಟೇಪ್ ಮೇಲೆ ಬರಬೇಕು. ಏರು ಎಡಕ್ಕೆ, ಫುಟ್‌ಪಾತ್ ಕಡೆಗೆ. ಎತ್ತರಕ್ಕೆ ಒಂದು, ಅಡ್ಡಕ್ಕೆ ಒಂದು ಸ್ಕ್ರೂ ಹಿಂಬದಿಯಲ್ಲಿರುತ್ತದೆ. ಕಾಲು ಸುತ್ತು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಹಳೆಯ ಪ್ಲಾಸ್ಟಿಕ್ ಸ್ಕ್ರೂ ಬಿಗಿದಿದ್ದರೆ ಬಲವಂತ ಬೇಡ, ಮುರಿದರೆ ಇಡೀ ದೀಪ ಬದಲಿಸಬೇಕಾಗುತ್ತದೆ.

7. ಈಗ ನಿಯಮ 106ರ ಪರೀಕ್ಷೆ. ದೀಪದಿಂದ 8 ಮೀಟರ್ ಮುಂದೆ, ಕಾರಿನ ಬಲ ಅಂಚಿನ ಗೆರೆಯಿಂದ ಅರ್ಧ ಮೀಟರ್ ಹೊರಗೆ, ಕಣ್ಣು 1.5 ಮೀಟರ್ ಎತ್ತರಕ್ಕೆ ಬರುವಂತೆ ನಿಲ್ಲಿ. ದೀಪ ಹೊತ್ತಿದೆ ಎಂದು ಗೊತ್ತಾಗಬೇಕು, ಮುಖ ತಿರುಗಿಸುವಂತಾಗಬಾರದು.

ಎಚ್4ನಲ್ಲಿ ಡಿಪ್ ಸರಿಮಾಡಿದರೆ ಹೈ ಬೀಮ್ ತಾನಾಗಿ ಸರಿಯಾಗುತ್ತದೆ. ಸ್ಪ್ರಿಂಗ್ ಬದಲಿಸಿದಾಗ, ಬಂಪರ್ ಕೆಲಸ ಆದಾಗ ಇದನ್ನು ಮತ್ತೆ ಮಾಡಬೇಕು. ಹಿಂದೆ ಮೂವರು, ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಧರ್ಮಸ್ಥಳಕ್ಕೆ ಹೊರಟಾಗ ಕಾರಿನ ಮೂತಿ ಮೇಲೇಳುತ್ತದೆ, ಆಗ ಲೆವೆಲಿಂಗ್ ಚಕ್ರವನ್ನು 2 ಅಥವಾ 3ಕ್ಕೆ ತಿರುಗಿಸಿ. ಕಂಪನಿ ಕೊಟ್ಟ ಈ ಚಕ್ರವನ್ನು ಕಾರು ಮಾರುವವರೆಗೂ ಮುಟ್ಟದವರು ಬಹಳ ಮಂದಿ.

ಫಾಗ್ ಲ್ಯಾಂಪ್ ಮತ್ತು ಲೈಟ್ ಬಾರ್

ಚಾರ್ಮಾಡಿ, ಆಗುಂಬೆ ಘಾಟಿಗಳ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಕಾಣುತ್ತದೆ. ಅಲ್ಲಿ ಬೇಕಾದದ್ದು ಡಿಪ್ ಮತ್ತು ಕೆಳಗೆ ಕೂತ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್. ನಿಮ್ಮ ಮಾದರಿಯ ಮೇಲ್ದರ್ಜೆ ವೇರಿಯಂಟ್‌ಗೆ ಕಂಪನಿಯೇ ಫಾಗ್ ಲ್ಯಾಂಪ್ ಕೊಟ್ಟಿದ್ದರೆ ಅದೇ ಜಾಗಕ್ಕೆ ಅದೇ ಅಸಲಿ ದೀಪವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹಾಕಿಸಿ, ಪಾರ್ಟ್ ನಂಬರ್ ಇರುವ ಬಿಲ್ ಇಟ್ಟುಕೊಳ್ಳಿ. ಬಣ್ಣ ಬಿಳಿ ಅಥವಾ ಹಳದಿ. ಡಿಪ್ ದೀಪಕ್ಕಿಂತ ಮೇಲೆ ಇರಬಾರದು, ನೆಲದಿಂದ 25 ಸೆಂ.ಮೀ.ಗಿಂತ ಕೆಳಗೂ ಬೇಡ. ಐದು ಮೀಟರ್ ಗೋಡೆಯಲ್ಲಿ ಅದರ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂ.ಮೀ. ಕೆಳಗೆ ಬರಲಿ. ಮಂಜು ಕಳೆದ ಮೇಲೆ ಆರಿಸಿ.

ಜೀಪಿನ ಟಾಪ್ ಮೇಲಿನ ಲೈಟ್ ಬಾರ್‌ಗೆ ಸಾರ್ವಜನಿಕ ರಸ್ತೆಯಲ್ಲಿ ಜಾಗವಿಲ್ಲ. ಅಷ್ಟು ಎತ್ತರದಿಂದ ಬರುವ ಬೆಳಕು ಬಾನೆಟ್‌ಗೇ ಬಡಿದು ಚಾಲಕರ ಕಣ್ಣಿಗೂ ತೊಂದರೆ ಕೊಡುತ್ತದೆ. ಮುಂಭಾಗಕ್ಕೆ ಕೆಂಪು ದೀಪವಂತೂ ನಿಷಿದ್ಧ.

ಹೆಡ್‌ಲೈಟ್ ಬಿಚ್ಚಿ ಒಳಗೆ ಪ್ರೊಜೆಕ್ಟರ್ ಕೂರಿಸುವ ಕೆಲಸ ಕುಶಲಿಗಳ ಕೈಯಲ್ಲಿ ಚೆನ್ನಾಗಿಯೇ ಆಗುತ್ತದೆ, ಕಟ್-ಆಫ್ ಚೂಪಾಗಿಯೂ ಬರುತ್ತದೆ. ಆದರೂ ಅದನ್ನು ಮಾಡಿಸಿ ಎನ್ನಲಾರೆವು. ಅನುಮೋದನೆ ಇಡೀ ದೀಪಕ್ಕೆ ಸಿಕ್ಕಿರುತ್ತದೆ. ಕಾಯಿಸಿ, ಅಂಟು ಬಿಡಿಸಿ, ಒಳಗಿನದನ್ನು ಬದಲಿಸಿದರೆ ಅದು ಬೇರೆಯೇ ದೀಪ. ಮತ್ತೆ ಮುಚ್ಚಿದ ಅಂಚಿನಿಂದ ಮಳೆಗಾಲದಲ್ಲಿ ತೇವ ಒಳಹೋಗುವುದೂ ಸಾಮಾನ್ಯ.

ಹೊಸ ಕಾರು ಕೊಳ್ಳುವವರು ನೋಡಬೇಕಾದದ್ದು

ಬ್ರೋಷರ್‌ನಲ್ಲಿ ‘ಎಲ್‌ಇಡಿ’ ಎಂದಿರುವುದು ಹೆಡ್‌ಲೈಟೋ, ಹಗಲು ಹೊತ್ತುವ ಡಿಆರ್‌ಎಲ್ ಪಟ್ಟಿಯೋ ಕೇಳಿ. ಡಿಪ್ ಮಾತ್ರ ಎಲ್‌ಇಡಿ, ಹೈ ಬೀಮ್ ಹ್ಯಾಲೊಜೆನ್ ಇರುವುದೂ ಉಂಟು. ಕಂಪನಿಯ ಎಲ್‌ಇಡಿ ಕೆಟ್ಟರೆ ಬಲ್ಬ್ ಬದಲಿಸಲು ಬರುವುದಿಲ್ಲ, ಬಹುತೇಕ ಇಡೀ ದೀಪವೇ ಹೋಗುತ್ತದೆ, ಅದರ ಬೆಲೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕತ್ತಲಾದ ಮೇಲೆ ಟೆಸ್ಟ್ ಡ್ರೈವ್ ಕೇಳುವುದು ನಿಮ್ಮ ಹಕ್ಕು.

ದುಬಾರಿ ಕಾರುಗಳ ಅಡಾಪ್ಟಿವ್ ಅಥವಾ ಮ್ಯಾಟ್ರಿಕ್ಸ್ ಹೆಡ್‌ಲೈಟ್‌ನಲ್ಲಿ ಮುಂದಿನ ಗಾಜಿನ ಹಿಂದೆ ಕೂತ ಕ್ಯಾಮೆರಾ ಎದುರಿನ ವಾಹನ ಗುರುತಿಸುತ್ತದೆ, ಅದರ ಮೇಲೆ ಬೀಳುವ ಎಲ್‌ಇಡಿಗಳನ್ನಷ್ಟೇ ಆರಿಸಿ ಉಳಿದ ರಸ್ತೆಗೆ ಹೈ ಬೀಮ್ ಉಳಿಸುತ್ತದೆ. ಆಡಿ ಎ8ನಲ್ಲಿ 2013ರಲ್ಲಿ ಬಂದ ತಂತ್ರ ಇದು. ಮರ್ಸಿಡಿಸ್‌ನ ಡಿಜಿಟಲ್ ಲೈಟ್‌ನಲ್ಲಿ ಒಂದೊಂದು ದೀಪಕ್ಕೂ ಹತ್ತು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಕನ್ನಡಿಗಳಿವೆ. ಅಮೆರಿಕ ಇಂಥ ದೀಪಗಳಿಗೆ ಅನುಮತಿ ಕೊಟ್ಟದ್ದು 2022ರಲ್ಲಿ. ಇದು ಕ್ಯಾಮೆರಾ, ಕಂಪ್ಯೂಟರ್, ದೀಪ ಮೂರೂ ಸೇರಿದ ವ್ಯವಸ್ಥೆ, ಹೊರಗೆ ಕೊಂಡು ಜೋಡಿಸುವ ವಸ್ತುವಲ್ಲ. ಮುಂದಿನ ಗಾಜು ಒಡೆದು ಬದಲಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿಸಲೇಬೇಕು.

ಹಳೆಯ ಮಾಲೀಕರು ಹಾಕಿಸಿದ್ದನ್ನು ತೆಗೆಯುವುದು

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಮೊದಲು ಬಾನೆಟ್ ತೆರೆದು ಹೆಡ್‌ಲೈಟ್ ಹಿಂಬದಿ ನೋಡಿ. ರಬ್ಬರ್ ಮುಚ್ಚಳ ಕತ್ತರಿಸಿದೆಯೇ, ಫ್ಯಾನ್ ಕಾಣುತ್ತಿದೆಯೇ, ಬ್ಯಾಟರಿಯಿಂದ ಟೇಪ್ ಸುತ್ತಿದ ಬಿಡಿ ತಂತಿ ಹೊರಟಿದೆಯೇ? ಇದ್ದರೆ ಮಾರ್ಪಾಡು ಈಗ ನಿಮ್ಮ ಹೆಸರಿನಲ್ಲಿದೆ. ವೈರಿಂಗ್ ಮಾರ್ಪಾಡಿರುವ ಕಾರಿಗೆ ಬೆಂಕಿ ತಗುಲಿದರೆ ವಿಮೆ ಕಂಪನಿ ಅದನ್ನೇ ಹಿಡಿದು ತಕರಾರು ತೆಗೆಯಬಹುದು. ಬ್ಯಾಟರಿಯ ನೆಗೆಟಿವ್ ಕಳಚಿ, ಎಲ್‌ಇಡಿ ಮತ್ತು ಅದರ ಡ್ರೈವರ್ ತೆಗೆದು, ಕಂಪನಿಯ ವ್ಯಾಟ್‌ನ ಹ್ಯಾಲೊಜೆನ್ ಹಾಕಿ, ಹೊಸ ರಬ್ಬರ್ ಮುಚ್ಚಳ ಕೂರಿಸಿ. ಮೂಲ ಕನೆಕ್ಟರ್ ಕತ್ತರಿಸಿದ್ದರೆ ಟೇಪ್ ಸುತ್ತಿ ಮುಗಿಸಬೇಡಿ, ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿಸಿ. ಕೊನೆಗೆ ಫ್ಯೂಸ್ ಪೆಟ್ಟಿಗೆ ಮುಚ್ಚಳದ ನಕ್ಷೆ ನೋಡಿ ಹೆಡ್‌ಲೈಟ್ ಫ್ಯೂಸ್ ತಾಳೆ ಹಾಕಿ. 10 ಇರಬೇಕಾದ ಕಡೆ 20 ಅಥವಾ 30 ಆಂಪಿಯರ್ ಹಾಕಿರುವುದು ಇಂಥ ಕಾರುಗಳಲ್ಲಿ ಆಗಾಗ ಸಿಗುತ್ತದೆ. ಅದನ್ನು ಸರಿಪಡಿಸಿದ ಮೇಲೆಯೇ ಬ್ಯಾಟರಿ ಜೋಡಿಸಿ.